ಗಿಟಾರ್ ಕಲಿಯಬೇಕು ಅಂದುಕೊಂಡಿದ್ದೀರಾ? ಡೆಮೊ ಕ್ಲಾಸಿನಿಂದ ಆರನೇ ತಿಂಗಳವರೆಗೆ

"ಮೊದಲು ಗಿಟಾರ್ ತಗೊಳ್ಳಲಾ, ಕ್ಲಾಸ್ ಸೇರಲಾ?" "ಮಗಳಿಗೆ ಏಳು ವರ್ಷ, ಈಗಲೇ ಸೇರಿಸಬಹುದಾ?" "ನನಗೆ ನಲವತ್ತೈದು ಆಯ್ತು, ಇನ್ನು ಬೆರಳು ಬಗ್ಗುತ್ತವಾ?" "ಯೂಟ್ಯೂಬ್ ನೋಡಿ ಕಲಿತರೆ ಸಾಲದಾ?"

ಈ ನಾಲ್ಕು ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತಿವೆ. ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಉತ್ತರ ಬರೆಯುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ.

ಮೊದಲು ಚಿಕ್ಕ ಉತ್ತರಗಳು. ಮೊದಲು ಡೆಮೊ ಕ್ಲಾಸ್, ಆಮೇಲೆ ಗಿಟಾರ್, ಕೊನೆಗೆ ಫೀ. ಏಳು ವರ್ಷದ ಮಗು ಕಲಿಯಬಹುದು, ಆದರೆ ಗಿಟಾರ್ ಅವಳ ಅಳತೆಯದ್ದಾಗಿರಬೇಕು. ನಲವತ್ತೈದಕ್ಕೆ ಬೆರಳು ಖಂಡಿತ ಬಗ್ಗುತ್ತವೆ. ದೊಡ್ಡವರಿಗೆ ಕಷ್ಟವಾಗುವುದು ಬೆರಳಿಂದಲ್ಲ, ದಿನಕ್ಕೆ ಇಪ್ಪತ್ತು ನಿಮಿಷ ಹೊಂದಿಸುವುದರಿಂದ. ಇನ್ನು ಯೂಟ್ಯೂಬ್. ಅದರಲ್ಲಿ ಪಾಠಗಳು ಚೆನ್ನಾಗಿಯೇ ಇವೆ. ಆದರೆ ವಿಡಿಯೊಗೆ ನಿಮ್ಮ ಕೈ ಕಾಣುವುದಿಲ್ಲ. ನಾನು ಎರಡು ವರ್ಷ ವಿಡಿಯೊ ನೋಡಿಕೊಂಡೇ ಕಲಿತೆ. ಆಮೇಲೆ ಮೇಷ್ಟ್ರ ಹತ್ತಿರ ಹೋದಾಗ, ಬಾಗಿದ ಮಣಿಕಟ್ಟನ್ನು ನೇರ ಮಾಡಿಕೊಳ್ಳುವುದಕ್ಕೇ ಮೂರು ತಿಂಗಳು ಹಿಡಿಯಿತು.

ಹಂತ 1: ಯಾವ ಗಿಟಾರ್ ಅಂತ ತೀರ್ಮಾನಿಸಿ

ಮುಖ್ಯವಾಗಿ ಮೂರು ಬಗೆ ಇವೆ.

ಕ್ಲಾಸಿಕಲ್ ಗಿಟಾರ್‌ಗೆ ನೈಲಾನ್ ತಂತಿ. ಕುತ್ತಿಗೆ, ಅಂದರೆ ಎಡಗೈ ಹಿಡಿಯುವ ಉದ್ದನೆಯ ಭಾಗ, ಅಗಲವಾಗಿರುತ್ತದೆ. ತಂತಿ ಮೆತ್ತಗಿರುವುದರಿಂದ ಬೆರಳು ಕಡಿಮೆ ನೋಯುತ್ತದೆ. ನಾದ ಮೃದು. ಬೆರಳಿನಿಂದ ಮೀಟಿ ನುಡಿಸಲು ಇದೇ ಸರಿ. ಚಿಕ್ಕ ಮಕ್ಕಳಿಗೂ ಇದನ್ನೇ ಹೇಳುತ್ತೇನೆ.

ಅಕೌಸ್ಟಿಕ್ ಗಿಟಾರ್‌ಗೆ ಉಕ್ಕಿನ ತಂತಿ. ಸಿನಿಮಾ ಹಾಡು, ಭಾವಗೀತೆ, ಗೆಳೆಯರ ಮಧ್ಯೆ ಕೂತು ಹಾಡುವುದು ನಿಮ್ಮ ಆಸೆಯಾದರೆ ಇದು. ಮೊದಲ ತಿಂಗಳು ಬೆರಳು ಉರಿಯುತ್ತದೆ, ಅಷ್ಟೇ.

ಎಲೆಕ್ಟ್ರಿಕ್ ಗಿಟಾರ್‌ನ ತಂತಿ ತೆಳು, ಒತ್ತುವುದು ಹಗುರ. ಆದರೆ ಆಂಪ್ಲಿಫೈಯರ್ ಬೇಕು, ಖರ್ಚು ಜಾಸ್ತಿ. "ಮೊದಲು ಅಕೌಸ್ಟಿಕ್ ಕಲಿ, ಆಮೇಲೆ ಎಲೆಕ್ಟ್ರಿಕ್" ಅಂತ ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ನಿಮಗೆ ರಾಕ್ ಸಂಗೀತವೇ ಇಷ್ಟವಾದರೆ ನೇರವಾಗಿ ಅದರಿಂದಲೇ ಶುರು ಮಾಡಿ. ಇಷ್ಟದ ನಾದ ಕೈಯಲ್ಲಿದ್ದರೆ ಅಭ್ಯಾಸ ತಾನಾಗಿ ಆಗುತ್ತದೆ.

ಮಕ್ಕಳ ಅಳತೆ ಅಂದಾಜು ಹೀಗೆ: 5ರಿಂದ 8 ವರ್ಷಕ್ಕೆ ಅರ್ಧ ಸೈಜು, 8ರಿಂದ 11ಕ್ಕೆ ಮುಕ್ಕಾಲು ಸೈಜು, ಆಮೇಲೆ ಪೂರ್ತಿ. ವಯಸ್ಸಿಗಿಂತ ತೋಳಿನ ಉದ್ದ ಮುಖ್ಯ. ಗಿಟಾರ್ ತೊಡೆಯ ಮೇಲಿಟ್ಟಾಗ ಮಗುವಿನ ಎಡಗೈ ಕುತ್ತಿಗೆಯ ತುದಿಯನ್ನು ಸಲೀಸಾಗಿ ಮುಟ್ಟಬೇಕು, ಮೊಣಕೈ ಸ್ವಲ್ಪ ಮಡಚಿಯೇ ಇರಬೇಕು. "ಹೇಗೂ ಬೆಳೀತಾಳೆ" ಅಂತ ದೊಡ್ಡದು ತರಬೇಡಿ. ಯೂನಿಫಾರಂ ಹಾಗಲ್ಲ ಇದು. ಕೈಗೆಟುಕದ ಗಿಟಾರನ್ನು ಮಗು ಎರಡೇ ವಾರಕ್ಕೆ ಮೂಲೆಗಿಡುತ್ತದೆ.

ಒಂದು ದೊಡ್ಡ ಎಚ್ಚರಿಕೆ: ಕ್ಲಾಸಿಕಲ್ ಗಿಟಾರ್‌ಗೆ ಯಾವತ್ತೂ ಉಕ್ಕಿನ ತಂತಿ ಹಾಕಬೇಡಿ. ಉಕ್ಕಿನ ತಂತಿಗಳ ಎಳೆತವನ್ನು ಆ ಹಲಗೆ ತಡೆಯುವುದಿಲ್ಲ. ತಂತಿಗಳನ್ನು ಕೆಳಗೆ ಕಟ್ಟುವ ಬ್ರಿಜ್, ಅಂದರೆ ತಂಬೂರಿಯಲ್ಲಿ ಕುದುರೆ ಅನ್ನುತ್ತೇವಲ್ಲ ಅದು, ಕಿತ್ತು ಬರುತ್ತದೆ. "ನೈಲಾನ್ ಸೌಂಡು ಬರಲ್ಲ, ಸ್ಟೀಲ್ ಹಾಕಿಸಿಬಿಡಿ" ಅಂತ ಯಾರಾದರೂ ಸಲಹೆ ಕೊಟ್ಟರೆ ಕೇಳಬೇಡಿ.

ಹಂತ 2: ಸ್ಕೂಲ್ ಆರಿಸಿ

ಜನ ಇದಕ್ಕೆ ಸಾಲದಷ್ಟು ಸಮಯ ಕೊಡುತ್ತಾರೆ. ಗಿಟಾರ್ ಕೊಳ್ಳಲು ನಾಲ್ಕು ಅಂಗಡಿ ತಿರುಗುತ್ತಾರೆ, ಸ್ಕೂಲನ್ನು ಮನೆಗೆ ಹತ್ತಿರ ಅನ್ನುವ ಒಂದೇ ಕಾರಣಕ್ಕೆ ಸೇರುತ್ತಾರೆ.

ಮ್ಯೂಸಿಕ್ ಸ್ಕೂಲಿಗೆ ನೀವು ಹಣ ಕೊಡುವುದು ಪಾಠಕ್ಕಲ್ಲ. ಪಾಠ ಎಲ್ಲ ಕಡೆ ಸಿಗುತ್ತದೆ. ಒಬ್ಬ ತಿಳಿದವರು ನಿಮ್ಮ ಕೈ ನೋಡಿ ತಿದ್ದುವುದಕ್ಕೆ ನೀವು ಹಣ ಕೊಡುತ್ತಿದ್ದೀರಿ. ಹಾಗಾಗಿ ಸ್ಕೂಲ್ ಆರಿಸುವಾಗ ನಾನು ಒಂದೇ ಲೆಕ್ಕ ಹಾಕಲು ಹೇಳುತ್ತೇನೆ: ತಿಂಗಳಿಗೆ ಎಷ್ಟು ನಿಮಿಷ ಶಿಕ್ಷಕರ ಕಣ್ಣು ನಿಮ್ಮ ಕೈ ಮೇಲೆ ಇರುತ್ತದೆ?

ಉದಾಹರಣೆಗೆ, ಒಂದು ಕಡೆ ಬ್ಯಾಚ್ ಕ್ಲಾಸ್. ವಾರಕ್ಕೊಂದು, 45 ನಿಮಿಷ, 6 ಜನ, ತಿಂಗಳಿಗೆ 2,000 ರೂಪಾಯಿ ಅಂದುಕೊಳ್ಳಿ. ನಿಮ್ಮ ಪಾಲಿಗೆ ಬರುವುದು ಕ್ಲಾಸಿಗೆ ಏಳೂವರೆ ನಿಮಿಷ, ತಿಂಗಳಿಗೆ 30 ನಿಮಿಷ. ಇನ್ನೊಂದು ಕಡೆ ಒಬ್ಬರಿಗೇ ಹೇಳಿಕೊಡುವ ಕ್ಲಾಸ್. ಅದೇ 45 ನಿಮಿಷ, ತಿಂಗಳಿಗೆ 4,000. ಇಲ್ಲಿ ಸಿಗುವುದು 180 ನಿಮಿಷ. ನೋಡಲು ದುಬಾರಿ ಅನಿಸಿದ್ದು ನಿಮಿಷದ ಲೆಕ್ಕದಲ್ಲಿ ಮೂರನೇ ಒಂದು ಭಾಗ ದರಕ್ಕೆ ಸಿಕ್ಕಿತು. ನಿಮ್ಮೂರಿನ ಫೀ ಬೇರೆ ಇರಬಹುದು, ಲೆಕ್ಕ ಹಾಕುವ ರೀತಿ ಇದೇ.

ಬ್ಯಾಚ್ ಕ್ಲಾಸ್ ಕೆಟ್ಟದ್ದು ಅಂತಲ್ಲ. ಎಲ್ಲರ ಜೊತೆ ನುಡಿಸುವಾಗ ತಾಳ ಗಟ್ಟಿಯಾಗುತ್ತದೆ. ಮಕ್ಕಳಿಗೆ ಜೊತೆಗಾರರಿದ್ದರೆ ಖುಷಿ. ಆದರೆ ಮೊದಲ ಮೂರು ತಿಂಗಳಾದರೂ ಒಬ್ಬರಿಗೇ ಹೇಳಿಕೊಡುವ ಕ್ಲಾಸ್, ಇಲ್ಲವೇ ಮೂರ್ನಾಲ್ಕು ಜನರಿಗಿಂತ ಜಾಸ್ತಿ ಇಲ್ಲದ ಬ್ಯಾಚ್ ಸಿಕ್ಕಿದರೆ ಒಳ್ಳೆಯದು. ಕೈ ಕೂರುವ ಕಾಲ ಅದು. ಆಗ ಕೂತ ತಪ್ಪು ಆಮೇಲೆ ಸುಲಭಕ್ಕೆ ಏಳುವುದಿಲ್ಲ.

ಸ್ಕೂಲುಗಳಲ್ಲೂ ಬಗೆಗಳಿವೆ. ಬೆಂಗಳೂರನ್ನೇ ತೆಗೆದುಕೊಳ್ಳಿ. 1987ರಲ್ಲಿ ಶುರುವಾದ ಬೆಂಗಳೂರು ಸ್ಕೂಲ್ ಆಫ್ ಮ್ಯೂಸಿಕ್‌ನಂಥ ಕಡೆ ಪಾಶ್ಚಾತ್ಯ ಶಾಸ್ತ್ರೀಯ ಪದ್ಧತಿಗೆ ಒತ್ತು. ಥರ್ಮಲ್ ಅಂಡ್ ಎ ಕ್ವಾರ್ಟರ್ ಅನ್ನುವ ರಾಕ್ ಬ್ಯಾಂಡಿನವರು ಕಟ್ಟಿದ ತಾಕಾಡೆಮಿಯಂಥ ಕಡೆ ರಾಕ್, ಬ್ಲೂಸ್, ಬ್ಯಾಂಡಿನಲ್ಲಿ ನುಡಿಸುವ ರೀತಿಗೆ ಒತ್ತು. ಮೂರನೆಯದು ಬಡಾವಣೆಯ ಸ್ಕೂಲು. ಒಂದೇ ಮನೆಯಲ್ಲಿ ಕೀಬೋರ್ಡ್, ಗಿಟಾರ್, ಭರತನಾಟ್ಯ, ಡ್ರಾಯಿಂಗ್ ಎಲ್ಲವೂ ಇರುತ್ತದೆ. ಇಲ್ಲಿ ಬೋರ್ಡಿಗಿಂತ ಆ ಒಬ್ಬ ಶಿಕ್ಷಕರೇ ಮುಖ್ಯ. ತುಂಬಾ ಒಳ್ಳೆಯವರೂ ಇಂಥ ಕಡೆಯೇ ಸಿಗುತ್ತಾರೆ.

ಚಿಕ್ಕ ಊರಿನಲ್ಲಿದ್ದೀರಾ? ಬೋರ್ಡು ಹುಡುಕಬೇಡಿ, ನುಡಿಸುವವರನ್ನು ಹುಡುಕಿ. ಚರ್ಚಿನ ಗಾಯನ ತಂಡದಲ್ಲಿ, ಊರಿನ ಆರ್ಕೆಸ್ಟ್ರಾದಲ್ಲಿ ಗಿಟಾರ್ ಹಿಡಿಯುವವರು ಇದ್ದೇ ಇರುತ್ತಾರೆ. ಕೇಳಿದರೆ ಎಷ್ಟೋ ಜನ ಮನೆಯಲ್ಲೇ ಹೇಳಿಕೊಡುತ್ತಾರೆ. ಯಾರೂ ಸಿಗಲಿಲ್ಲವೆಂದರೆ ಆನ್‌ಲೈನ್ ಕ್ಲಾಸ್. ಅದಕ್ಕೆ ಎರಡು ಮಾತು. ಕ್ಯಾಮೆರಾ ನಿಮ್ಮ ಮುಖಕ್ಕಲ್ಲ, ಎಡಗೈ ಮತ್ತು ಮಣಿಕಟ್ಟು ಕಾಣುವ ಹಾಗೆ ಇರಲಿ. ಝೂಮ್ ಬಳಸುತ್ತಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಒರಿಜಿನಲ್ ಸೌಂಡ್ ಆನ್ ಮಾಡಿ. ಇಲ್ಲದಿದ್ದರೆ ಗಿಟಾರಿನ ನಾದವನ್ನು ಗದ್ದಲ ಅಂತ ತಿಳಿದು ಅದು ಒತ್ತಿಹಾಕುತ್ತದೆ. ದನಿ ತಡವಾಗಿ ತಲುಪುವುದರಿಂದ ಇಬ್ಬರೂ ಒಟ್ಟಿಗೆ ನುಡಿಸಲು ಆಗುವುದಿಲ್ಲ, ಅದನ್ನು ಮೊದಲೇ ತಿಳಿದಿರಿ.

ಡೆಮೊ ಕ್ಲಾಸಿನಲ್ಲಿ ಇವನ್ನು ಗಮನಿಸಿ. ಶಿಕ್ಷಕರು ನಿಮ್ಮ ಕೈಗೆ ಕೊಡುವ ಮೊದಲು ಗಿಟಾರ್ ಶ್ರುತಿ ಮಾಡಿದರಾ? "ಯಾವ ಹಾಡು ಕೇಳ್ತೀರಿ?" ಅಂತ ಕೇಳಿದರಾ? ನಿಮ್ಮ ಕೂರುವ ಭಂಗಿ, ಹೆಬ್ಬೆರಳು, ಮಣಿಕಟ್ಟು ನೋಡಿ ತಿದ್ದಿದರಾ? ಮನೆಯಲ್ಲಿ ಏನು ಮಾಡಬೇಕು ಅಂತ ಬರೆದುಕೊಟ್ಟರಾ? ಇಷ್ಟು ಆಗಿದ್ದರೆ ಸೇರಿ. ಇಡೀ ಹೊತ್ತು ಅವರೇ ಮಿಂಚಿನ ಹಾಗೆ ನುಡಿಸಿ ತೋರಿಸಿದರೆ, ನಡುನಡುವೆ ಮೊಬೈಲ್ ನೋಡುತ್ತಿದ್ದರೆ, ಇನ್ನೊಂದು ಕಡೆ ನೋಡಿಬನ್ನಿ. ಅದ್ಭುತವಾಗಿ ನುಡಿಸುವವರೆಲ್ಲ ಹೇಳಿಕೊಡಬಲ್ಲರು ಅಂತೇನಿಲ್ಲ. ಮತ್ತೆ, ಡೆಮೊ ಕೊಟ್ಟವರೇ ದಿನಾ ಕಲಿಸುತ್ತಾರಾ ಅಂತ ಕೇಳಲು ಮರೆಯಬೇಡಿ.

ಫೀ ವಿಷಯದಲ್ಲಿ ನಾಲ್ಕು ಪ್ರಶ್ನೆ ಕೇಳಿ, ಉತ್ತರವನ್ನು ವಾಟ್ಸಾಪ್‌ನಲ್ಲಾದರೂ ಬರೆಸಿಕೊಳ್ಳಿ. ನಾನು ರಜೆ ಹಾಕಿದ ಕ್ಲಾಸ್ ಮತ್ತೆ ಸಿಗುತ್ತದಾ? ಶಿಕ್ಷಕರು ರಜೆ ಹಾಕಿದರೆ? ಶಿಕ್ಷಕರು ಬದಲಾದರೆ ಉಳಿದ ಹಣ ವಾಪಸ್ ಬರುತ್ತದಾ? ಪರೀಕ್ಷೆ ಕಡ್ಡಾಯವಾ? ಒಂದು ವರ್ಷದ ಫೀ ಒಟ್ಟಿಗೆ ಕಟ್ಟಿದರೆ ರಿಯಾಯಿತಿ ಅನ್ನುವ ಮಾತಿಗೆ ಮರುಳಾಗಬೇಡಿ. ಹಿಂದೆ ನಾನು ಒಂದು ಕಡೆ ಹಾಗೆ ಕಟ್ಟಿದ್ದೆ. ನಾಲ್ಕನೇ ತಿಂಗಳಿಗೆ ಮೇಷ್ಟ್ರು ಬಿಟ್ಟುಹೋದರು. ಬದಲಿಗೆ ಬಂದವರು ಕೀಬೋರ್ಡ್ ಶಿಕ್ಷಕರು. ಹಣ ವಾಪಸ್ ಬರಲೇ ಇಲ್ಲ. ತಿಂಗಳ ಲೆಕ್ಕ, ಜಾಸ್ತಿ ಅಂದರೆ ಮೂರು ತಿಂಗಳು. ಅದಕ್ಕಿಂತ ಮುಂದೆ ಕಟ್ಟಬೇಡಿ.

ಹಂತ 3: ಗಿಟಾರ್ ಕೊಳ್ಳಿ

ಸಾಧ್ಯವಾದರೆ ಶಿಕ್ಷಕರನ್ನೋ ನುಡಿಸಲು ಬರುವ ಗೆಳೆಯರನ್ನೋ ಕರೆದುಕೊಂಡು ಅಂಗಡಿಗೇ ಹೋಗಿ. ಕಲಿಯುವವರಿಗೆ 5,000ದಿಂದ 12,000 ರೂಪಾಯಿ ಒಳಗೆ ಬಾಳಿಕೆ ಬರುವಂಥದ್ದು ಸಿಗುತ್ತದೆ. ಯಮಹಾದ ಎಫ್310 ಅಕೌಸ್ಟಿಕ್, ಸಿ40 ಕ್ಲಾಸಿಕಲ್ ಇವನ್ನು ಕಲಿಯುವವರು ಬಹಳ ವರ್ಷಗಳಿಂದ ಕೊಳ್ಳುತ್ತಾ ಬಂದಿದ್ದಾರೆ. ಬೇರೆ ಕಂಪನಿಗಳಲ್ಲೂ ಒಳ್ಳೆಯವು ಇವೆ. ಎರಡು–ಎರಡೂವರೆ ಸಾವಿರಕ್ಕೆ ಬ್ಯಾಗು, ಬೆಲ್ಟು, ಪಿಕ್ಕು (ತಂತಿ ಮೀಟುವ ಚಿಕ್ಕ ತುಂಡು), ತಂತಿ ಎಲ್ಲ ಸೇರಿಸಿ ಕೊಡುವ ಬಣ್ಣ ಬಣ್ಣದ ಸೆಟ್ಟುಗಳನ್ನು ಮಾತ್ರ ಬಿಟ್ಟುಬಿಡಿ. ಅವು ಶ್ರುತಿಯಲ್ಲಿ ನಿಲ್ಲುವುದು ಅಪರೂಪ. ಹೊಸಬರು ಗಿಟಾರಿನ ತಪ್ಪನ್ನು ತಮ್ಮದೇ ತಪ್ಪು ಅಂದುಕೊಂಡು ಬಿಟ್ಟುಬಿಡುತ್ತಾರೆ. ಅದೇ ನನಗೆ ಸಂಕಟ.

ಅಂಗಡಿಯಲ್ಲಿ ಮೂರು ಪರೀಕ್ಷೆ ಮಾಡಿ.

ಒಂದು, ತಂತಿಯ ಎತ್ತರ. ಇದನ್ನು ಆಕ್ಷನ್ ಅನ್ನುತ್ತಾರೆ. ಕುತ್ತಿಗೆಯ ಮೇಲೆ ಅಡ್ಡಡ್ಡ ಇರುವ ಲೋಹದ ಪಟ್ಟಿಗಳು ಫ್ರೆಟ್ಟುಗಳು, ವೀಣೆಯ ಮೆಟ್ಟಿಲುಗಳ ಹಾಗೆ. ಬಿರಡೆಗಳಿರುವ ತುದಿಯಿಂದ ಎಣಿಸಿ ಹನ್ನೆರಡನೇ ಫ್ರೆಟ್ಟಿಗೆ ಬನ್ನಿ. ಉಬ್ಬಿದ ಅಕ್ಷರ ಇಲ್ಲದ ಎಟಿಎಂ ಕಾರ್ಡುಗಳನ್ನು ಒಂದರ ಮೇಲೊಂದು ಜೋಡಿಸಿ. ಒಂದು ಕಾರ್ಡಿನ ದಪ್ಪ 0.76 ಮಿಲಿಮೀಟರ್. ಅಕೌಸ್ಟಿಕ್‌ನಲ್ಲಿ ಎಲ್ಲಕ್ಕಿಂತ ದಪ್ಪ ತಂತಿಯ ಕೆಳಗೆ ಮೂರು ಕಾರ್ಡು ಹಿಡಿಸಿದರೆ ಸರಿ. ನಾಲ್ಕು ಕಾರ್ಡು ಆರಾಮಾಗಿ ನುಗ್ಗಿ ಇನ್ನೂ ಜಾಗ ಉಳಿದರೆ ಎತ್ತರ ಜಾಸ್ತಿ. ಬೆರಳಿಗೆ ಸುಮ್ನೆ ಶಿಕ್ಷೆ. ಕ್ಲಾಸಿಕಲ್‌ನಲ್ಲಿ ಐದು ಕಾರ್ಡಿನ ತನಕ ಸಹಜ.

ಎರಡು, ಅರ್ಧದ ಪರೀಕ್ಷೆ. ಹನ್ನೆರಡನೇ ಫ್ರೆಟ್ ತಂತಿಯ ಸರಿಯಾಗಿ ಅರ್ಧಕ್ಕೆ ಬರುತ್ತದೆ. ತಂತಿ ಅರ್ಧವಾದರೆ ಕಂಪನ ಎರಡರಷ್ಟಾಗುತ್ತದೆ. ಅಂದರೆ ಮಧ್ಯ ಸ್ಥಾಯಿಯ ಸ ಹೋಗಿ ತಾರ ಸ್ಥಾಯಿಯ ಸ ಬರುತ್ತದೆ. ಮೊಬೈಲ್‌ನಲ್ಲಿ ಟ್ಯೂನರ್, ಅಂದರೆ ಶ್ರುತಿ ತೋರಿಸುವ ಆಪ್ ತೆರೆಯಿರಿ. ತಂತಿಯನ್ನು ಎಲ್ಲೂ ಒತ್ತದೆ ನುಡಿಸಿದಾಗ ಸ್ವರದ ಯಾವ ಅಕ್ಷರ (ಇ, ಎ, ಡಿ ಹೀಗೆ) ಬಂತೋ ಹನ್ನೆರಡನೇ ಫ್ರೆಟ್ ಒತ್ತಿದಾಗಲೂ ಅದೇ ಅಕ್ಷರ, ಮುಳ್ಳು ಮಧ್ಯದಲ್ಲೇ ಬರಬೇಕು. ಮುಳ್ಳು ತುಂಬಾ ಆಚೀಚೆ ಹೋದರೆ ಆ ಗಿಟಾರ್ ಬೇಡ.

ಮೂರು, ಕೈ ಸವರಿ ನೋಡಿ. ಕುತ್ತಿಗೆಯ ಎರಡೂ ಅಂಚಿನಲ್ಲಿ ಫ್ರೆಟ್ ತುದಿಗಳು ಚುಚ್ಚಬಾರದು. ಪ್ರತಿ ಫ್ರೆಟ್ಟನ್ನೂ ಒತ್ತಿ ಮೀಟಿ. ಎಲ್ಲೂ ಜೀರ್ ಅನ್ನಬಾರದು.

ಆಕ್ಷನ್ ಸ್ವಲ್ಪ ಎತ್ತರ ಇದ್ದರೆ ಅಂಗಡಿಯವರಿಗೆ "ಸೆಟಪ್ ಮಾಡಿಕೊಡಿ" ಅನ್ನಿ. ತಂತಿಯ ಎತ್ತರ, ಕುತ್ತಿಗೆಯ ಬಾಗು ಸರಿಮಾಡುವುದಕ್ಕೆ ಹಾಗನ್ನುತ್ತಾರೆ. ಜೊತೆಗೆ ಬೇಕಾದದ್ದು ಒಂದು ಬ್ಯಾಗು, ಎರಡು ತೆಳು ಪಿಕ್ಕು (0.5–0.7 ಮಿಲಿಮೀಟರ್), ಗಿಟಾರಿನ ತಲೆಗೆ ಸಿಕ್ಕಿಸುವ ಟ್ಯೂನರ್. ಅಷ್ಟೇ. ಬೆರಳು ಗಟ್ಟಿ ಮಾಡುವ ಸ್ಪ್ರಿಂಗು, ಬೆರಳಿಗೆ ಹಾಕುವ ರಬ್ಬರ್ ಟೋಪಿ ಇವೆಲ್ಲ ದುಡ್ಡು ದಂಡ.

ಹಂತ 4: ಶ್ರುತಿ ಮಾಡುವುದನ್ನು ಮೊದಲ ವಾರವೇ ಕಲಿಯಿರಿ

ಗಿಟಾರಿಗೆ ಆರು ತಂತಿ. ಎಣಿಕೆ ಕೆಳಗಿಂದ. ಎಲ್ಲಕ್ಕಿಂತ ತೆಳುವಾದದ್ದು 1, ದಪ್ಪನೆಯದು 6. ದಪ್ಪದಿಂದ ತೆಳುವಿಗೆ ಅವುಗಳ ಸ್ವರ ಇ, ಎ, ಡಿ, ಜಿ, ಬಿ, ಇ. ಐದನೇ ತಂತಿಯ ಎ ಅಂದರೆ ಸೆಕೆಂಡಿಗೆ 110 ಕಂಪನ.

ದಿನಾ ಕೂತ ಕೂಡಲೇ ಮೊದಲ ಕೆಲಸ ಇದೇ. ಟ್ಯೂನರ್ ನೋಡಿಕೊಂಡು ಬಿರಡೆ ತಿರುಗಿಸಿ. ಇಲ್ಲಿ ಎಲ್ಲರೂ ಮಾಡುವ ಒಂದು ತಪ್ಪಿದೆ. ಟ್ಯೂನರ್‌ನಲ್ಲಿ "ಬಿ" ಅಂತ ಬರುವವರೆಗೆ ತಿರುಗಿಸುತ್ತಾ ಹೋಗುತ್ತಾರೆ. ಆದರೆ ಒಂದು ಸ್ಥಾಯಿ ಮೇಲಿನದ್ದೂ "ಬಿ"ಯೇ ಅಲ್ವಾ? ತಂತಿ ಟಪ್ ಅಂತ ಹರಿದು ಕೈಗೆ ಬಡಿಯುತ್ತದೆ. ತಿರುಗಿಸುವಾಗ ತಂತಿ ತೀರಾ ಬಿಗಿಯಾಗುತ್ತಿದೆ ಅನಿಸಿದರೆ ನಿಲ್ಲಿಸಿ, ಪೂರ್ತಿ ಸಡಿಲ ಮಾಡಿ, ಕೆಳಗಿನಿಂದ ನಿಧಾನವಾಗಿ ಬನ್ನಿ. ಮುಖವನ್ನು ತಂತಿಯಿಂದ ದೂರ ಇಡಿ.

ಸ್ವಲ್ಪ ದಿನ ಆದ ಮೇಲೆ ಕಿವಿಯಿಂದ ಮಾಡಿ ನೋಡಿ. ಆರನೇ ತಂತಿಯ ಐದನೇ ಫ್ರೆಟ್ ಒತ್ತಿದರೆ ಬರುವ ನಾದವೇ ಐದನೇ ತಂತಿಯ ನಾದ. ಹೀಗೇ ಮುಂದುವರಿಯುತ್ತದೆ. ಮೂರನೇ ತಂತಿಯಲ್ಲಿ ಮಾತ್ರ ನಾಲ್ಕನೇ ಫ್ರೆಟ್ ಒತ್ತಿ ಎರಡನೆಯದನ್ನು ಸೇರಿಸಬೇಕು.

ಹಂತ 5: ಮೊದಲ ತಿಂಗಳು, ಕೈ ಕೂರುವ ಕಾಲ

ಎಡಗೈ ಬೆರಳುಗಳಿಗೆ ನಂಬರ್ ಇದೆ: ತೋರುಬೆರಳು 1, ನಡುಬೆರಳು 2, ಉಂಗುರಬೆರಳು 3, ಕಿರುಬೆರಳು 4. ಎಡಗೈ ಉಗುರು ಪೂರ್ತಿ ಕತ್ತರಿಸಿ. ಇದರಲ್ಲಿ ರಾಜಿ ಇಲ್ಲ. ಕುರ್ಚಿಗೆ ಕೈ ಇರಬಾರದು, ಸೋಫಾ ಬೇಡವೇ ಬೇಡ. ಹೆಬ್ಬೆರಳು ಕುತ್ತಿಗೆಯ ಹಿಂದೆ, ಹೆಚ್ಚುಕಡಿಮೆ ನಡುಬೆರಳಿನ ಎದುರಿಗೆ. ಅಂಗೈ ಕುತ್ತಿಗೆಗೆ ಅಂಟಿರಬಾರದು.

ಒತ್ತುವ ಜಾಗ ಫ್ರೆಟ್ಟಿನ ಮೇಲೆ ಅಲ್ಲ, ಎರಡು ಫ್ರೆಟ್ಟಿನ ನಟ್ಟನಡುವೆಯೂ ಅಲ್ಲ. ದೇಹದ ಕಡೆಗಿರುವ ಫ್ರೆಟ್ಟಿಗೆ ಅಂಟಿದಂತೆ, ಸ್ವಲ್ಪ ಹಿಂದೆ. ಅಲ್ಲಿ ಅರ್ಧ ಬಲ ಸಾಕು. ತಂತಿ ಜೀರ್ ಅಂದರೆ ಹೊಸಬರು ಇನ್ನೂ ಜೋರಾಗಿ ಒತ್ತುತ್ತಾರೆ. ಬಲ ಹಾಕುವ ಮೊದಲು ಬೆರಳನ್ನು ಮುಂದಕ್ಕೆ ಸರಿಸಿ ನೋಡಿ.

ನೋವು ಎರಡು ಥರ. ಬೆರಳ ತುದಿ ಉರಿಯುವುದು ಸಹಜ. ಮೂರ್ನಾಲ್ಕು ವಾರಕ್ಕೆ ಚರ್ಮ ಜಡ್ಡುಗಟ್ಟುತ್ತದೆ, ಆಮೇಲೆ ಗೊತ್ತೇ ಆಗುವುದಿಲ್ಲ. ಬೆರಳು ನೀರಲ್ಲಿ ನೆನೆದಿರುವಾಗ, ಅಂದರೆ ಸ್ನಾನ ಅಥವಾ ಪಾತ್ರೆ ತೊಳೆದ ಕೂಡಲೇ ನುಡಿಸಬೇಡಿ, ಚರ್ಮ ಸುಲಿಯುತ್ತದೆ. ಆದರೆ ಮಣಿಕಟ್ಟು, ಮುಂಗೈ, ಹೆಬ್ಬೆರಳ ಬುಡ ನೋಯುತ್ತಿದ್ದರೆ ಅದು ಸಹಜವಲ್ಲ. ನಿಲ್ಲಿಸಿ. ಮುಂದಿನ ಕ್ಲಾಸಿನಲ್ಲಿ ಮೊದಲು ಅದನ್ನೇ ತೋರಿಸಿ. "ಅಭ್ಯಾಸ ಆದರೆ ಹೋಗುತ್ತೆ" ಅಂತ ಮುಂದುವರಿಸಬೇಡಿ, ದಯವಿಟ್ಟು.

ಎಡಗೈ ಅಭ್ಯಾಸದವರು ಏನು ಮಾಡಬೇಕು? ಮೊದಲ ದಿನವೇ ಎರಡೂ ರೀತಿ ಹಿಡಿದು ನೋಡಿ. ಸಾಮಾನ್ಯ ಗಿಟಾರ್ ಹಿಡಿಯಲು ಆದರೆ ಅದನ್ನೇ ಮಾಡಿ, ಎಲ್ಲಿ ಹೋದರೂ ಸಿಗುತ್ತದೆ. ಆಗದಿದ್ದರೆ ಎಡಗೈಯವರ ಗಿಟಾರ್ ತರಿಸಿ. ಯಾರ ಒತ್ತಾಯಕ್ಕೂ ಬದಲಿಸಬೇಡಿ.

ಹಂತ 6: ಕಾರ್ಡುಗಳು ಮತ್ತು ದಿನದ ಇಪ್ಪತ್ತು ನಿಮಿಷ

ಇಲ್ಲಿ ಕಾರ್ಡ್ (chord) ಅಂದರೆ ಮೂರು ಅಥವಾ ಹೆಚ್ಚು ಸ್ವರಗಳನ್ನು ಒಟ್ಟಿಗೆ ನುಡಿಸುವುದು. ಮೊದಲನೆಯದಾಗಿ ಇ ಮೈನರ್ ಕಲಿಯಿರಿ. ಐದನೇ ಮತ್ತು ನಾಲ್ಕನೇ ತಂತಿಯ ಎರಡನೇ ಫ್ರೆಟ್ಟಿನಲ್ಲಿ ಎರಡು ಬೆರಳು. ಆರೂ ತಂತಿ ಮೀಟಬಹುದು. ಮೊದಲ ದಿನವೇ ಗಿಟಾರ್ ತುಂಬಿ ಮೊಳಗುತ್ತದೆ. ಆಮೇಲೆ ಎ ಮೈನರ್, ಸಿ, ಜಿ, ಡಿ. ಸಿ ಕಾರ್ಡಿನಿಂದ ಎ ಮೈನರ್‌ಗೆ ಹೋಗಲು ಉಂಗುರಬೆರಳು ಒಂದೇ ಜಾಗ ಬದಲಿಸುತ್ತದೆ, ಉಳಿದೆರಡು ಅಲ್ಲೇ ಇರುತ್ತವೆ. ಇಂಥ ಜೋಡಿಗಳನ್ನು ಮೊದಲು ಹಿಡಿಯಿರಿ.

ಕಾರ್ಡ್ ಹಿಡಿಯುವುದು ಎರಡು ದಿನದ ಕೆಲಸ. ಒಂದರಿಂದ ಇನ್ನೊಂದಕ್ಕೆ ಹೋಗುವುದು ಎರಡು ತಿಂಗಳ ಕೆಲಸ. ಹಾಡು ನಿಲ್ಲುವುದು ಅಲ್ಲೇ. ಅದಕ್ಕೆ ಒಂದು ನಿಮಿಷದ ಎಣಿಕೆ ಮಾಡಿ. ಮೊಬೈಲಿನಲ್ಲಿ ಒಂದು ನಿಮಿಷ ಇಟ್ಟು, ಸಿ ಇಂದ ಎ ಮೈನರ್‌ಗೆ ಎಷ್ಟು ಸಲ ಬದಲಿಸಿದಿರಿ ಎಣಿಸಿ. ಮೊದಲ ದಿನ ಎಂಟು ಬರಬಹುದು. ಪುಸ್ತಕದಲ್ಲಿ ತಾರೀಖು ಹಾಕಿ ಬರೆದಿಡಿ. ಮೂವತ್ತು ದಾಟಿದರೆ ಹಾಡಿಗೆ ಸಾಕು.

ದಿನದ ಇಪ್ಪತ್ತು ನಿಮಿಷ ಹೀಗೆ ಹಂಚಿ. ಶ್ರುತಿಗೆ ಮತ್ತು ಪ್ರತಿ ತಂತಿಯ ಮೇಲೆ 1-2-3-4 ಬೆರಳು ನಡೆಸಲು ಐದು ನಿಮಿಷ. ಕಾರ್ಡ್ ಬದಲಾವಣೆಗೆ ಐದು. ಹಾಡಿಗೆ ಏಳೆಂಟು. ಉಳಿದದ್ದು ನಿಮ್ಮಿಷ್ಟ. ಭಾನುವಾರ ಎರಡು ಗಂಟೆ ಕೂತು ವಾರವೆಲ್ಲ ಬಿಟ್ಟರೆ ಪ್ರಯೋಜನ ಇಲ್ಲ, ಬೆರಳು ನೋಯುವುದೊಂದೇ ಉಳಿಯುತ್ತದೆ. ಕ್ಲಾಸಿಗೆ ಹೋಗುವುದು ವಾರದಲ್ಲಿ ಒಂದು ದಿನ. ಕಲಿಯುವುದು ಉಳಿದ ಆರು ದಿನ, ಮನೆಯಲ್ಲಿ. ಅದಕ್ಕೇ ಗಿಟಾರನ್ನು ಬ್ಯಾಗಿಗೆ ಹಾಕಿ ಬೀರು ಮೇಲೆ ಇಡಬೇಡಿ. ಕಣ್ಣಿಗೆ ಕಾಣುವ ಕಡೆ, ಕೈಗೆ ಸಿಗುವ ಕಡೆ ಇರಲಿ.

ಬಲಗೈಗೆ ಸ್ಟ್ರಮ್ಮಿಂಗ್, ಅಂದರೆ ತಂತಿಗಳನ್ನು ಒಟ್ಟಿಗೆ ಸವರುವುದು. ಶುರುವಿಗೆ ಬರೀ ಕೆಳಮುಖವಾಗಿ, ನಾಲ್ಕು ಎಣಿಕೆಗೆ ನಾಲ್ಕು. ಆಮೇಲೆ ಕೆಳಗೆ, ಕೆಳಗೆ–ಮೇಲೆ, ಮೇಲೆ–ಕೆಳಗೆ–ಮೇಲೆ. ಮೆಟ್ರೋನೋಮ್, ಅಂದರೆ ಟಿಕ್ ಟಿಕ್ ಅನ್ನುವ ತಾಳದ ಆಪ್, ನಿಮಿಷಕ್ಕೆ 60ರಲ್ಲಿ ಇಡಿ. ಎಡಗೈ ಕಾರ್ಡ್ ಬದಲಿಸುವಾಗ ಬಲಗೈ ನಿಂತುಬಿಡುತ್ತದೆ, ಇದು ಎಲ್ಲರಿಗೂ ಆಗುತ್ತದೆ. ಕಾರ್ಡ್ ತಪ್ಪಿದರೂ ಪರವಾಗಿಲ್ಲ, ಬಲಗೈ ನಿಲ್ಲಿಸಬೇಡಿ. ಸ್ವರ ತಪ್ಪಿದ್ದನ್ನು ಕೇಳುವವರು ಮರೆಯುತ್ತಾರೆ, ತಾಳ ತಪ್ಪಿದ್ದು ಎಲ್ಲರಿಗೂ ಗೊತ್ತಾಗುತ್ತದೆ. ಕೆಹರ್ವಾದ ಎಂಟು ಮಾತ್ರೆ, ದಾದ್ರಾದ ಆರು ಮಾತ್ರೆ ಗೊತ್ತಿರುವವರು ಅದನ್ನೇ ಬಾಯಲ್ಲಿ ಹೇಳಿಕೊಂಡು ಸವರಿ. ನಮ್ಮ ಎಷ್ಟೋ ಭಾವಗೀತೆಗಳು ಈ ಎರಡರಲ್ಲೇ ಕೂರುತ್ತವೆ.

ವಾರಕ್ಕೊಮ್ಮೆ ಮೊಬೈಲಿನಲ್ಲಿ ಒಂದು ನಿಮಿಷ ರೆಕಾರ್ಡ್ ಮಾಡಿ ಇಟ್ಟುಕೊಳ್ಳಿ. ಎರಡು ತಿಂಗಳಾದ ಮೇಲೆ "ಏನೂ ಬರ್ತಿಲ್ಲ" ಅನಿಸುವ ಒಂದು ದಿನ ಬರುತ್ತದೆ. ಆಗ ಮೊದಲ ವಾರದ್ದನ್ನು ಕೇಳಿ.

ಹಂತ 7: ಸ್ವರ ಬಲ್ಲವರಿಗೆ ಒಂದು ಹತ್ತಿರದ ದಾರಿ

ಚಿಕ್ಕವರಿದ್ದಾಗ ಸಂಗೀತ ಕ್ಲಾಸಿಗೆ ಹೋಗಿ ಸರಳೆ ವರಸೆ ಹಾಡಿದ್ದೀರಾ? ಹಾಗಿದ್ದರೆ ನೀವು ಸೊನ್ನೆಯಿಂದ ಶುರು ಮಾಡುತ್ತಿಲ್ಲ. ಇದನ್ನು ಬಹಳ ಶಿಕ್ಷಕರು ಹೇಳುವುದೇ ಇಲ್ಲ.

ಗಿಟಾರಿನಲ್ಲಿ ಒಂದು ಫ್ರೆಟ್ ಸರಿಯುವುದೂ ಹಾರ್ಮೋನಿಯಂನಲ್ಲಿ ಕಪ್ಪು–ಬಿಳಿ ಸೇರಿಸಿ ಒಂದು ಮನೆ ಸರಿಯುವುದೂ ಒಂದೇ. ಒಂದನೇ ತಂತಿಯನ್ನು ಎಲ್ಲೂ ಒತ್ತದೆ ನುಡಿಸಿ, ಅದು ಸ ಆಗಲಿ. ಅದೇ ತಂತಿಯ ಮೇಲೆ 2, 4, 5, 7, 9, 11, 12ನೇ ಫ್ರೆಟ್ ಒತ್ತುತ್ತಾ ಹೋಗಿ. ರಿ, ಗ, ಮ, ಪ, ದ, ನಿ, ಸ. ಶಂಕರಾಭರಣ ಬಂತು! ಪಾಶ್ಚಾತ್ಯರು ಮೇಜರ್ ಸ್ಕೇಲ್ ಅನ್ನುವುದು ಇದೇ ಸ್ವರಗಳಿಗೆ. 2, 3, 5, 7, 8, 10, 12 ನುಡಿಸಿದರೆ ನಠಭೈರವಿಯ ಸ್ವರಗಳು, ಅವರ ಮೈನರ್ ಸ್ಕೇಲ್. 2, 4, 7, 9, 12 ಮೋಹನ.

ಕಾರ್ಡುಗಳ ಗುಟ್ಟೂ ಇಲ್ಲೇ ಇದೆ. ಸ, ಅಂತರ ಗಾಂಧಾರ, ಪ ಮೂರೂ ಒಟ್ಟಿಗೆ ಮೊಳಗಿದರೆ ಮೇಜರ್ ಕಾರ್ಡ್. ಗಾಂಧಾರವನ್ನು ಒಂದು ಮನೆ ಇಳಿಸಿ ಸಾಧಾರಣ ಗಾಂಧಾರ ಮಾಡಿದರೆ ಮೈನರ್ ಕಾರ್ಡ್. ಒಂದಕ್ಕೆ ತೆರೆದ ಮುಖ, ಇನ್ನೊಂದಕ್ಕೆ ಸ್ವಲ್ಪ ಬಾಡಿದ ಮುಖ ಯಾಕೆ ಅಂತ ಗಾಂಧಾರವೇ ಹೇಳುತ್ತದೆ. ಇದನ್ನು ತಿಳಿದ ದಿನ ನನಗಾದ ಸಂತೋಷ ಇವತ್ತಿಗೂ ನೆನಪಿದೆ.

ಗಮಕ ಮಾತ್ರ ಫ್ರೆಟ್ಟಿನ ಮೇಲೆ ಸುಲಭವಾಗಿ ಬರುವುದಿಲ್ಲ. ತಂತಿಯನ್ನು ಪಕ್ಕಕ್ಕೆ ಎಳೆಯಬೇಕು, ಇಲ್ಲವೇ ಜಾರಿಸಬೇಕು. ಸುಕುಮಾರ್ ಪ್ರಸಾದ್, ಆರ್. ಪ್ರಸನ್ನ ಅಂಥವರು ಗಿಟಾರಿನಲ್ಲಿ ಪೂರ್ತಿ ಕರ್ನಾಟಕ ಸಂಗೀತ ಕಚೇರಿ ನಡೆಸಿದ್ದಾರೆ. ಹಿಂದೂಸ್ತಾನಿಯಲ್ಲಿ ಬ್ರಿಜ್ ಭೂಷಣ್ ಕಾಬ್ರಾ ಗಿಟಾರನ್ನು ತೊಡೆಯ ಮೇಲೆ ಅಡ್ಡ ಇಟ್ಟು ರಾಗ ನುಡಿಸಿದರು. ನಿಮ್ಮ ಆಸೆ ಅದೇ ಆಗಿದ್ದರೆ ಸ್ಕೂಲ್ ಸೇರುವ ದಿನವೇ ಹೇಳಿಬಿಡಿ. ಕಾರ್ಡ್ ಕಲಿಸುವ ಶಿಕ್ಷಕರು ಇದಕ್ಕೆ ಸಾಲುವುದಿಲ್ಲ.

ಹಾಡುವವರಿಗೆ ಕಾಪೊ ಬೇಕಾಗುತ್ತದೆ. ಎಲ್ಲ ತಂತಿಗಳನ್ನೂ ಒಂದು ಫ್ರೆಟ್ಟಿನಲ್ಲಿ ಅದುಮಿ ಹಿಡಿಯುವ ಕ್ಲಿಪ್ಪು ಅದು. ಶ್ರುತಿ ಏರಿಸಲು ಬೇರೆ ಕಾರ್ಡ್ ಕಲಿಯಬೇಕಿಲ್ಲ, ಕಾಪೊ ಮೇಲೆ ಸರಿಸಿದರೆ ಆಯ್ತು.

ಹಂತ 8: ಗ್ರೇಡ್ ಪರೀಕ್ಷೆ ಬೇಕಾ?

ನಮ್ಮ ಜೂನಿಯರ್, ಸೀನಿಯರ್, ವಿದ್ವತ್ ಇದ್ದ ಹಾಗೆ ಪಾಶ್ಚಾತ್ಯ ಸಂಗೀತಕ್ಕೆ 1ರಿಂದ 8ರವರೆಗೆ ಗ್ರೇಡುಗಳಿವೆ. ಇವನ್ನು ನಡೆಸುವ ಬ್ರಿಟನ್ನಿನ ಸಂಸ್ಥೆಗಳಲ್ಲಿ ಇಲ್ಲಿನ ಸ್ಕೂಲುಗಳಲ್ಲಿ ಕೇಳಿಬರುವ ಹೆಸರುಗಳು ಟ್ರಿನಿಟಿ ಕಾಲೇಜ್ ಲಂಡನ್, ಎಬಿಆರ್‌ಎಸ್‌ಎಂ ಮತ್ತು ರಾಕ್‌ಸ್ಕೂಲ್. ಎಬಿಆರ್‌ಎಸ್‌ಎಂನ ಗಿಟಾರ್ ಪರೀಕ್ಷೆ ಕ್ಲಾಸಿಕಲ್ ಗಿಟಾರಿಗೆ. ಎಲೆಕ್ಟ್ರಿಕ್ ನುಡಿಸುವವರಿಗೆ ರಾಕ್‌ಸ್ಕೂಲ್ ಅಥವಾ ಟ್ರಿನಿಟಿಯ ರಾಕ್ ಅಂಡ್ ಪಾಪ್. ಟ್ರಿನಿಟಿಯಲ್ಲಿ ನೂರಕ್ಕೆ 60 ಬಂದರೆ ಪಾಸು, 75ಕ್ಕೆ ಮೆರಿಟ್, 87ಕ್ಕೆ ಡಿಸ್ಟಿಂಕ್ಷನ್. ಎಬಿಆರ್‌ಎಸ್‌ಎಂನಲ್ಲಿ ಆರನೇ ಗ್ರೇಡಿಗೆ ಹೋಗುವ ಮೊದಲು ಐದನೇ ಗ್ರೇಡಿನ ಥಿಯರಿಯಂಥ ಪರೀಕ್ಷೆಯೊಂದನ್ನು ಪಾಸು ಮಾಡಿರಬೇಕು. ಇದು ಕೊನೇ ಗಳಿಗೆಯಲ್ಲಿ ಗೊತ್ತಾಗಿ ಪೇಚಾಡಿದವರಿದ್ದಾರೆ.

ನನ್ನ ಅಭಿಪ್ರಾಯ ಕೇಳುತ್ತೀರಾ? ಕ್ಲಾಸಿಕಲ್ ಗಿಟಾರ್ ಕಲಿಯುವ ಮಕ್ಕಳಿಗೆ ಗ್ರೇಡ್ ಒಳ್ಳೆಯದು, ಓದಿ ನುಡಿಸುವುದನ್ನು ಅದು ಕಲಿಸುತ್ತದೆ. ಹಾಡಿಗೆ ಜೊತೆಯಾಗಿ ನುಡಿಸಬೇಕು ಅನ್ನುವ ದೊಡ್ಡವರಿಗೆ ಅದರ ಅಗತ್ಯವಿಲ್ಲ. ವರ್ಷಪೂರ್ತಿ ಪರೀಕ್ಷೆಯ ಮೂರು ಪಾಠಗಳನ್ನೇ ಉಜ್ಜಿ, ಬೇರೆ ಒಂದು ಹಾಡೂ ಬಾರದ ಮಕ್ಕಳನ್ನು ನೋಡಿದ್ದೇನೆ. ನಿಮ್ಮ ಮಗುವಿನ ಸ್ಕೂಲಿನಲ್ಲಿ ಹಾಗಾಗುತ್ತಿದ್ದರೆ ಶಿಕ್ಷಕರ ಹತ್ತಿರ ಮಾತಾಡಿ.

ಹಂತ 9: ಮೂರನೇ ತಿಂಗಳು, ಆರನೇ ತಿಂಗಳು

ಮೂರು ತಿಂಗಳಾದ ಮೇಲೆ ಒಮ್ಮೆ ಕೂತು ನೋಡಿ. ಶ್ರುತಿ ನಾನೇ ಮಾಡುತ್ತೇನಾ? ನಾಲ್ಕೈದು ಕಾರ್ಡುಗಳ ಎರಡು ಹಾಡನ್ನು ನಿಲ್ಲಿಸದೆ ನುಡಿಸುತ್ತೇನಾ? ಮುಂದೇನು ಅಂತ ಶಿಕ್ಷಕರು ಹೇಳಿದ್ದಾರಾ? ಮೂರಕ್ಕೂ ಇಲ್ಲ ಅನ್ನುವುದಾದರೆ, ಮೊದಲು ನಿಮ್ಮ ಅಭ್ಯಾಸದ ಪುಸ್ತಕ ತೆರೆಯಿರಿ. ದಿನಾ ಕೂತಿದ್ದೂ ಹೀಗಾಗಿದ್ದರೆ ಶಿಕ್ಷಕರನ್ನು ಬದಲಿಸಲು ಸಂಕೋಚ ಪಡಬೇಡಿ. ಹೋಗುವಾಗ ಹೇಳಿ ಹೋಗಿ, ಅಷ್ಟೇ.

ಆರನೇ ತಿಂಗಳ ಹೊತ್ತಿಗೆ ಎಫ್ ಕಾರ್ಡ್ ಎದುರಾಗುತ್ತದೆ. ತೋರುಬೆರಳನ್ನು ಮಲಗಿಸಿ ಆರೂ ತಂತಿ ಒತ್ತಬೇಕು. ಇದಕ್ಕೆ ಬ್ಯಾರೆ ಕಾರ್ಡ್ ಅನ್ನುತ್ತಾರೆ. ಬಹಳ ಜನ ಗಿಟಾರ್ ಬಿಡುವುದು ಇಲ್ಲೇ. ಬಿಡಬೇಡಿ. ಮೊದಲು ಕೆಳಗಿನ ನಾಲ್ಕು ತಂತಿಗಳ ಚಿಕ್ಕ ಎಫ್ ಹಿಡಿದು ಹಾಡು ಮುಂದುವರಿಸಿ. ಪಕ್ಕದಲ್ಲಿ ದಿನಾ ಎರಡು ನಿಮಿಷ ಪೂರ್ತಿ ಎಫ್. ತೋರುಬೆರಳಿನ ಚಪ್ಪಟೆ ಭಾಗದಿಂದ ಒತ್ತಬೇಡಿ, ಹೆಬ್ಬೆರಳ ಕಡೆಗಿರುವ ಗಟ್ಟಿ ಅಂಚಿನಿಂದ ಒತ್ತಿ. ಇದೇ ಆಕಾರವನ್ನು ಐದನೇ ಫ್ರೆಟ್ಟಿನಲ್ಲಿ ಹಿಡಿದು ನೋಡಿ, ಅಲ್ಲಿ ಸುಲಭ. ಅಲ್ಲಿಂದ ದಿನಕ್ಕೊಂದು ಫ್ರೆಟ್ ಕೆಳಗೆ ಬನ್ನಿ.

ಇಷ್ಟು ಹೊತ್ತಿಗೆ ತಂತಿಗಳೂ ಹಳತಾಗಿರುತ್ತವೆ. ಮಂಗಳೂರು, ಉಡುಪಿ, ಕಾರವಾರದ ಕಡೆಯವರಿಗೆ ಇನ್ನೂ ಬೇಗ. ಉಪ್ಪುಗಾಳಿಗೆ ಉಕ್ಕಿನ ತಂತಿ ತುಕ್ಕು ಹಿಡಿಯುತ್ತದೆ, ಮಳೆಗಾಲದ ತೇವಕ್ಕೆ ಹಲಗೆ ಉಬ್ಬುತ್ತದೆ. ನುಡಿಸಿದ ಮೇಲೆ ಒಣ ಹತ್ತಿ ಬಟ್ಟೆಯಿಂದ ಪ್ರತಿ ತಂತಿ ಒರೆಸಿ. ಬ್ಯಾಗಿನೊಳಗೆ ಎರಡು ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಉಲ್ಟಾ, ಮರ ಒಣಗಿ ಸೀಳಬಹುದು. ಕಿಟಕಿಯ ಬಿಸಿಲಿಗೆ ಇಡಬೇಡಿ. ಮುಚ್ಚಿದ ಕಾರಿನಲ್ಲಂತೂ ಯಾವ ಊರಲ್ಲೂ ಬಿಡಬೇಡಿ, ಬಿಸಿಗೆ ಅಂಟು ಬಿಟ್ಟು ಬ್ರಿಜ್ ಏಳುತ್ತದೆ.

ತಂತಿ ಬದಲಿಸುವಾಗ ಒಂದು ತೆಗೆದು ಒಂದು ಹಾಕಿ. ಮೊದಲ ಸಲ ಶಿಕ್ಷಕರ ಎದುರಿಗೇ ಹಾಕಿ ಕಲಿತುಕೊಳ್ಳಿ. ಹೊಸ ತಂತಿ ಎರಡು ಮೂರು ದಿನ ಶ್ರುತಿ ಇಳಿಯುತ್ತಲೇ ಇರುತ್ತದೆ. ಅದು ಸಹಜ, ಗಾಬರಿ ಬೇಡ. ಎಲ್ಲಕ್ಕಿಂತ ಮೊದಲು ಹರಿಯುವುದು ತೆಳುವಾದ ಒಂದನೇ ತಂತಿ, ಅದೂ ಕ್ಲಾಸಿಗೆ ಹೋದ ದಿನವೇ. ಒಂದು ಹೆಚ್ಚುವರಿ ತಂತಿಯನ್ನು ಬ್ಯಾಗಿನ ಮುಂದಿನ ಜೇಬಿನಲ್ಲಿ ಇಟ್ಟಿರಿ.